ಎರಡನೇ ಗುರುತು

ಜನವರಿ ೯, ಸಂಜೆ

ಇವತ್ತು ಮೂರು ಆಪರೇಷನ್. ಬೆಳಗಿನಿಂದ ನಿಂತೇ ಇದ್ದೆ, ಪಾದ ಎರಡೂ ನನ್ನದಲ್ಲ ಅನ್ನಿಸುತ್ತಿದೆ. ಸರ್ಜನ್ ಕೈ ಚಾಚುತ್ತಾರೆ, ಏನು ಬೇಕೆಂದು ಹೇಳುವುದಿಲ್ಲ. ಬೇಕಾದದ್ದು ಅಂಗೈಗೆ ಬಂದಿರಬೇಕು. ಥಿಯೇಟರಿಗೆ ಬಂದು ಒಂದೂವರೆ ವರ್ಷ, ಇಷ್ಟು ಕಲಿತೆ. ಈ ಹುಡುಗಿಯ ಕೈಗೆ ಕಣ್ಣಿದೆ ಎಂದು ಹೆಡ್ ಸಿಸ್ಟರ್ ಹತ್ತಿರ ಹೇಳಿದರಂತೆ. ಖುಷಿಯಾಯಿತು. ಖುಷಿಯಾದದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು. ಹೊಗಳಿಕೆಗೆ ಬಾಲ ಅಲ್ಲಾಡಿಸುವುದು ನೌಕರಿಯ ಮೊದಲ ರೋಗ — ರೀಡಿಂಗ್ ರೂಮಿನ ಸಭೆಯಲ್ಲಿ ಹಂಚಿದ ಹಸಿರು ರಟ್ಟಿನ ಕಿರುಹೊತ್ತಿಗೆಯಲ್ಲಿ ಓದಿದ್ದು. ಅಡಿಗೆರೆ ಹಾಕಿದ್ದೇನೆ.

ಕೊನೆಯದು ಒಬ್ಬ ಹೆಂಗಸು. ಕರುಳಿನ ಕೆಳತುದಿಯಲ್ಲಿ ಗಂಟು. ಅದನ್ನು ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಹೊಲಿದರು. ಸ್ಟೋಮಾ. ಇನ್ನು ಜೀವನಪೂರ್ತಿ ಮಲ ಅಲ್ಲಿಂದಲೇ, ಅದರ ಮೇಲೆ ಅಂಟಿಸಿದ ಚೀಲಕ್ಕೆ. ಚೀಲ ಅಂಟಿಸಿದ್ದು ನಾನು. ಟ್ರಾಲಿ ತಳ್ಳಿಕೊಂಡು ಹೋದರು. ನೆಲ ಒರೆಸಿದರು. ಮುಗಿಯಿತು.

ಗ್ಲೌಸ್ ಬಿಚ್ಚುವಾಗ ಹೊಳೆಯಿತು — ಆಕೆಯ ಧ್ವನಿ ಹೇಗಿದೆ, ಗೊತ್ತಿಲ್ಲ. ಒಂದೂವರೆ ವರ್ಷದಲ್ಲಿ ನಾನು ಸೇವೆ ಮಾಡಿದವರೆಲ್ಲ ನಿದ್ದೆಯಲ್ಲಿದ್ದವರೇ.

ಜನವರಿ ೧೩

ಥಿಯೇಟರಿನಲ್ಲಿ ಚೀಲ ಖಾಲಿ. ತರಲು ನನ್ನನ್ನು ಕಳಿಸಿದರು. ಲಿಫ್ಟಿನ ಪಕ್ಕ, ಮೆಟ್ಟಿಲ ಕೆಳಗೆ ಒಂದು ರೂಮು. ಬಾಗಿಲ ಮೇಲೆ ಏನೋ ದೊಡ್ಡ ಹೆಸರು ಬರೆದಿದೆ, ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಚೀಲದ ರೂಮು ಎಂದೇ. ಒಂದು ಮಂಚ, ಒಂದು ಕುರ್ಚಿ, ಆಳೆತ್ತರದ ಕನ್ನಡಿ, ಒಂದು ಪರದೆ. ಒಳಗಿರುವ ಹಿರಿಯ ನರ್ಸಿಗೆ ಚೀಲದಕ್ಕ ಎಂದು ಹೆಸರು. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲ.

ನಾನು ಹೋದಾಗ ಒಬ್ಬ ಮುದುಕರಿಗೆ ಬೂಟಿನ ಲೇಸು ಕಟ್ಟಿಸುತ್ತಿದ್ದರು. ಕಟ್ಟಿ ಆಯಿತು, ಬಿಚ್ಚಿ ಎಂದರು. ಕೂತುಕೊಳ್ಳಿ, ಏಳಿ, ಬಗ್ಗಿ, ಕೆಮ್ಮಿ. ಪ್ಯಾಂಟು ಎಲ್ಲಿ ಕಟ್ತೀರಿ — ಹೊಕ್ಕಳ ಮೇಲೋ ಕೆಳಗೋ? ಮುದುಕರಿಗೆ ಸಿಟ್ಟು ಬಂತು: ಆಪರೇಷನ್ನಿಗೆ ಬಂದಿದ್ದೇನೋ, ಕವಾಯತಿಗೋ? ಅಕ್ಕ ನಗಲಿಲ್ಲ. ಮೊಣಕಾಲೂರಿ ಅವರ ಹೊಟ್ಟೆಯನ್ನೇ ನೋಡುತ್ತಿದ್ದರು. ಎಲ್ಲಿ ಮಡಿಕೆ ಬೀಳುತ್ತದೆ, ಎಲ್ಲಿ ಚರ್ಮ ಸಪಾಟಾಗಿ ಉಳಿಯುತ್ತದೆ. ಕೊನೆಗೆ ಪೆನ್ನು ತೆಗೆದು, ಸ್ಟೋಮಾ ಬರಬೇಕಾದಲ್ಲಿ ಒಂದು ಕಪ್ಪು ಚುಕ್ಕೆ. ಸ್ವಲ್ಪ ಮೇಲೆ ಇನ್ನೊಂದು, ಮೊದಲನೆಯದು ಆಗದಿದ್ದರೆ ಇರಲಿ ಎಂದು.

ಆ ಚುಕ್ಕೆಗಳ ಸುತ್ತ ಎಷ್ಟು ಸಲ ಹಸಿರು ಬಟ್ಟೆ ಹಾಸಿದ್ದೇನೆ. ಅದರ ಹಿಂದೆ ಬೂಟಿನ ಲೇಸು ಇದೆ ಅಂತ ಯಾರೂ ಹೇಳಿರಲಿಲ್ಲ.

ಬಾಯಿ ತೆರೆದು ನಿಂತಿದ್ದೆನೇನೋ. ಅಕ್ಕ ತಿರುಗದೆಯೇ ಕೇಳಿದರು: "ಚೀಲ ತಗೊಳ್ಳೋಕೆ ಬಂದ್ಯೋ, ನೋಡೋಕೆ ಬಂದ್ಯೋ? ನೋಡೋದಾದ್ರೆ ಬಾಗಿಲು ಹಾಕ್ಕೊಂಡು ನೋಡು. ಅವರಿಗೂ ಮಾನ ಅಂತ ಒಂದಿದೆ."

ಜನವರಿ ೨೧, ಬೆಳಿಗ್ಗೆ, ಬಸ್ಸಿಗೆ ಮುಂಚೆ

ನಿನ್ನೆ ಹೆಡ್ ಸಿಸ್ಟರ್ ಕರೆದರು. ಹಾರ್ಟ್ ಥಿಯೇಟರಿನ ತರಬೇತಿಗೆ ಒಂದೇ ಸೀಟು, ಅದು ನನಗೆ. ಸರ್ಜನ್ ಶಿಫಾರಸು ಮಾಡಿದ್ದಾರಂತೆ. ಫೆಬ್ರವರಿ ಕೊನೆಯೊಳಗೆ ಒಪ್ಪಿಗೆ ಕೊಡಬೇಕು. ಚೀಲದಕ್ಕ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಾರಲ್ಲ, ಆ ಜಾಗಕ್ಕೆ ಯಾರು ಎಂದು ಕೇಳಿದೆ. ಯಾರೂ ಅರ್ಜಿ ಹಾಕಿಲ್ಲ, ಹಾಕದಿದ್ದರೆ ರೂಮನ್ನು ಸ್ಟೋರ್ ಮಾಡುತ್ತಾರೆ, ಚೀಲವನ್ನು ವಾರ್ಡಿನವರೇ ಕೊಟ್ಟು ಕಳಿಸುತ್ತಾರೆ ಎಂದರು. ನನ್ನ ಮುಖ ನೋಡಿ, "ನಿನಗ್ಯಾಕೆ ಆ ಉಸಾಬರಿ?" ಎಂದರು.

ಮನೆಯಲ್ಲಿ ಹೇಳಿದೆ. ಎರಡನ್ನೂ ಹೇಳಿದೆ — ಹಾರ್ಟ್ ಥಿಯೇಟರಿನದು, ಚೀಲದ ರೂಮಿನದು. ಹೇಳಬಾರದಿತ್ತು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೋಟೆಲುಗಳ ಹಾಸಿಗೆ ಹೊದಿಕೆಗಳ ಆವಿಯಲ್ಲೇ ಅವಳ ಅರ್ಧ ಆಯಸ್ಸು ಹೋಗಿದೆ. ಇಸ್ತ್ರಿ ಮಾಡದೆ ಅವಳು ನನ್ನ ಯೂನಿಫಾರ್ಮನ್ನು ಒಂದು ದಿನವೂ ಕಳಿಸಿಲ್ಲ.

"ನಾನು ಊರವರ ಕೊಳೆ ತೊಳೆದದ್ದು ನೀನೂ ಅದನ್ನೇ ತೊಳೀಲಿ ಅಂತಾನಾ? ಮಗಳು ಆಪರೇಷನ್ ಥಿಯೇಟರಲ್ಲಿದಾಳೆ ಅಂತ ಬೀದಿಗೆಲ್ಲ ಹೇಳಿದೀನಿ. ಈಗ ಏನಂತ ಹೇಳ್ಲಿ?"

ತಂಗಿ ಬಾಯಿತುಂಬ ಬ್ರೆಡ್ಡು ಇಟ್ಟುಕೊಂಡು, ಹೃದಯದಿಂದ ಹೊಟ್ಟೆಗೆ ಇಳಿದ್ಲು ಅಂತ ಹೇಳಮ್ಮ, ಎಂದಳು. ಅಮ್ಮ ಅವಳಿಗೆ ಇಸ್ತ್ರಿಪೆಟ್ಟಿಗೆ ತೋರಿಸಿದಳು.

ಅಮ್ಮನ ಮಾತಿಗೆ ಕಿರುಹೊತ್ತಿಗೆಗಳಲ್ಲಿ ಉತ್ತರವಿದೆ — ಕೊಳೆಯ ಕೆಲಸ ಎಂದೊಂದಿಲ್ಲ, ಕೆಲಸಕ್ಕೆ ಕೊಳೆ ಹಚ್ಚುವ ವ್ಯವಸ್ಥೆ ಇದೆ. ಆದರೆ ಬೆಂದ ಬೆರಳುಗಳ ಮುಂದೆ ಅದನ್ನು ಓದಿ ಹೇಳುವುದು ಹೇಗೆ.

ಜನವರಿ ೨೯

ರಜೆ. ರಜೆಯ ದಿನಗಳಲ್ಲಿ ಚೀಲದ ರೂಮಿಗೆ ಬರಲು ಅಕ್ಕ ಒಪ್ಪಿದ್ದಾರೆ. ಒಂದು ಷರತ್ತು: ಮೊದಲು ಒಂದಿಡೀ ದಿನ ನಾನೇ ಚೀಲ ಹಾಕಿಕೊಂಡಿರಬೇಕು. ಹಿಟ್ಟು ಕಲಸಿದ ಬೆಚ್ಚನೆ ನೀರು ತುಂಬಿ ಹೊಟ್ಟೆಯ ಮೇಲೆ ಅಂಟಿಸಿ ಕಳಿಸಿದರು.

ಬೆಳಿಗ್ಗೆ ಗತ್ತಿನಲ್ಲೇ ಹೊರಟೆ. ಬಸ್ಸಿನಲ್ಲಿ ಒಬ್ಬರ ಟಿಫಿನ್ ಡಬ್ಬಿ ಒತ್ತಿತು. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡೆ. ಬಸುರಿ ಎಂದುಕೊಂಡು ಒಬ್ಬರು ಸೀಟು ಬಿಟ್ಟುಕೊಟ್ಟರು. ತಂಗಿಗೆ ಇದನ್ನು ಹೇಳಿದೆ, ಮೂರು ತಿಂಗಳಿಗೆ ಆಗುವಷ್ಟು ನಕ್ಕಳು.

ಸಂಜೆ ರೀಡಿಂಗ್ ರೂಮಿನಲ್ಲಿ ಸಭೆ. ಆಸ್ಪತ್ರೆಗಳು ಯಾರಿಗಾಗಿ ಎನ್ನುವುದು ವಿಷಯ. ಹಿಂದಿನ ಬೆಂಚಿನಲ್ಲಿ ಕೂತೆ. ಭಾಷಣ ಮಾಡಿದವರು ಅಂಕಿ ಅಂಶ ತಪ್ಪು ಹೇಳಿದರು. ಎದ್ದು ಕೇಳಬೇಕು. ಎದ್ದರೆ ಚೀಲ ಸರಸರ ಸದ್ದು ಮಾಡುತ್ತದೆ. ವಾಸನೆ ಇಲ್ಲ, ಒಳಗಿರುವುದು ಬರೀ ಹಿಟ್ಟು, ನನಗೆ ಗೊತ್ತು. ಆದರೂ ಏಳಲಿಲ್ಲ.

ಯಾರ ಬಾಯಿಗೂ ಹೆದರದ ನನ್ನನ್ನು ಒಂದು ಪ್ಲಾಸ್ಟಿಕ್ ಚೀಲ ಕೂರಿಸಿತು. ಹಾಗಾದರೆ ನಿಜವಾಗಿ ಇದನ್ನು ಹೊತ್ತವರು ಎಷ್ಟು ಸಭೆಗಳಲ್ಲಿ, ಎಷ್ಟು ಮದುವೆಗಳಲ್ಲಿ, ಎಷ್ಟು ಮನೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ... ಇವರ ಪರ ಒಂದು ಕರಪತ್ರವನ್ನೂ ನಾನು ನೋಡಿಲ್ಲ.

ಇದೇ ನನ್ನ ಕೆಲಸ. ಹೆಚ್ಚುಕಡಿಮೆ ನಿರ್ಧರಿಸಿದ್ದೇನೆ.

ಫೆಬ್ರವರಿ ೫, ಸಂಜೆ

ಇವತ್ತು ಮೊದಲ ಸಲ ನಾನೇ ಗುರುತು ಹಾಕಿದೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕಟಿಂಗ್ ಶಾಪ್ ಇಟ್ಟವರು. ಐವತ್ತು ದಾಟಿರಬಹುದು, ದುಂಡಗಿನ ಹೊಟ್ಟೆ, ಬಾಯಿಗೆ ಬಿಡುವಿಲ್ಲ. ನಾಳೆ ಆಪರೇಷನ್. ಗಂಟು ಬಹಳ ಕೆಳಗಿದೆ, ಸ್ಟೋಮಾ ಶಾಶ್ವತ. ಅದನ್ನು ಕೇಳಿಯೂ ಹಾಸ್ಯ ಬಿಟ್ಟಿಲ್ಲ: ಇಷ್ಟು ದಿನ ಬೇರೆಯವರ ತಲೆಗೆ ಕತ್ತರಿ ಹಾಕಿದೆ, ಈಗ ನನ್ನ ಹೊಟ್ಟೆಗೆ ಬಂತು, ಲೆಕ್ಕ ಚುಕ್ತಾ.

ಕೆಲಸ ಮಾಡುವಾಗ ಹೇಗೆ ನಿಲ್ಲುತ್ತೀರಿ ಎಂದು ಅಕ್ಕ ಕೇಳಿದರು. ಹೀಗೆ ಅಂತ ಬಾಯಲ್ಲಿ ಹೇಳಲು ಬರಲಿಲ್ಲ ಅವರಿಗೆ. ಅಕ್ಕ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಇವಳೇ ಗಿರಾಕಿ, ಮಾಡಿ ತೋರಿಸಿ. ಅವರು ಬರಿಗೈಯಲ್ಲೇ ಶುರು ಮಾಡಿದರು. ಎರಡು ಬೆರಳು ಕತ್ತರಿ, ಎಡಗೈ ಬಾಚಣಿಗೆ. ನನ್ನ ಕಿವಿಯ ಹತ್ತಿರ ಗಾಳಿಯನ್ನು ಕತ್ತರಿಸುತ್ತ, ಅಕ್ಕನಿಗೆ ಯಾವುದೋ ಗಿರಾಕಿಯ ಕಥೆ ಹೇಳುತ್ತ ಸುತ್ತಿದರು. ಆಚೆ ಕಿವಿಗೆ ಬಗ್ಗಿದಾಗ ಅವರ ಹೊಟ್ಟೆಯ ಎಡಗಡೆ, ಪಕ್ಕೆಲುಬಿಗಿಂತ ಸ್ವಲ್ಪ ಕೆಳಗೆ, ಕುರ್ಚಿಯ ಬೆನ್ನಿಗೆ ಉಜ್ಜಿತು. ಪ್ರತಿ ಸುತ್ತಿನಲ್ಲೂ ಅಲ್ಲೇ.

ನಾನೇ ಹುಡುಕಿದೆ: ಅದಕ್ಕಿಂತ ಕೆಳಗೆ, ಹೊಕ್ಕಳಿಗೆ ಸ್ವಲ್ಪ ಹತ್ತಿರ, ಬೆಲ್ಟಿಗಿಂತ ಮೇಲೆ, ಅಂಗೈಯಗಲ ಸಪಾಟು ಜಾಗ. ಕೂತರೂ ಮಡಿಯುವುದಿಲ್ಲ, ಬಗ್ಗಿದರೂ ಕುರ್ಚಿಗೆ ತಾಗುವುದಿಲ್ಲ. ಬಗ್ಗಿ ನೋಡಿದರೆ ಅವರಿಗೇ ಕಾಣುತ್ತದೆ. ಅಕ್ಕ ತಲೆಯಾಡಿಸಿದರು. ಸಂತೋಷದಲ್ಲಿ ಚುಕ್ಕೆಯನ್ನು ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಹಾಕಿದೆ.

ಅಷ್ಟರಲ್ಲಿ ವಾರ್ಡಿನಿಂದ ಅಕ್ಕನಿಗೆ ಕರೆ ಬಂತು. ಹೋಗುತ್ತ, ಎರಡನೆಯದನ್ನೂ ಹಾಕು ಎಂದರು. ಎರಡನೆಯ ಜಾಗ ಯಾವುದೆಂದು ನಾವಿಬ್ಬರೂ ನೋಡಿದ್ದೆವು — ಮೇಲೆ, ಕುರ್ಚಿಗೆ ಉಜ್ಜುವಲ್ಲೇ. ಮಡಿಕೆಯಿಲ್ಲದ ಇನ್ನೊಂದು ಜಾಗ ಅದೊಂದೇ.

ಹಾಕಲಿಲ್ಲ.

ಯಾಕೆ ಹಾಕಬೇಕು? ಇವರು ದಿನವಿಡೀ ಬಗ್ಗುವವರು. ಇವರ ಹೊಟ್ಟೆಪಾಡು ಇರುವುದೇ ಆ ಬಗ್ಗುವುದರಲ್ಲಿ. ಎರಡು ಗುರುತು ಇಟ್ಟರೆ ಥಿಯೇಟರಿನಲ್ಲಿ ಅವಸರದಲ್ಲಿರುವವರು ಸುಲಭದ್ದನ್ನು ಆರಿಸುತ್ತಾರೆ. ಸರಿಯಾದದ್ದು ಒಂದೇ ಇರುವಾಗ ಎರಡು ಕೇಳುವುದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಅರ್ಧ ಕೇಳಿದವನಿಗೆ ಕಾಲು ಸಿಗುತ್ತದೆ — ಹಸಿರು ಹೊತ್ತಿಗೆ, ಕೊನೆಯ ಪುಟ.

ಅವರು ಅಂಗಿ ಹಾಕಿಕೊಳ್ಳುತ್ತ, ಇಲ್ಲೇ ಆಗುತ್ತಾ ಸಿಸ್ಟರೇ ಎಂದು ಕೇಳಿದರು. ಆ ಹೊತ್ತಿಗೆ ಮಾತ್ರ ಹಾಸ್ಯ ಇರಲಿಲ್ಲ.

"ಇಲ್ಲೇ ಆಗುತ್ತೆ," ಎಂದೆ. "ನಾನು ಪಕ್ಕದಲ್ಲೇ ಇರ್ತೀನಿ."

ಫೆಬ್ರವರಿ ೬

ಕರುಳು ಗುರುತಿನವರೆಗೆ ಬರಲಿಲ್ಲ.

ಫೆಬ್ರವರಿ ೧೪, ಮಧ್ಯಾಹ್ನ

ಎಂಟು ದಿನ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ, ನಡೆದದ್ದು ನಡೆದ ಹಾಗೆ.

ಅವತ್ತು ಕರುಳಿನ ತುದಿಯನ್ನು ಸರ್ಜನ್ ನನ್ನ ಗುರುತಿನ ಕಡೆಗೆ ತಂದರು. ನಿಲ್ಲಿಸಿದರು. ಇನ್ನಷ್ಟು ಬಿಡಿಸಿದರು, ಮತ್ತೆ ತಂದರು. ಆಗಲ್ಲ ಎಂದರು. ಸರ್, ಗುರುತು ಅಲ್ಲೇ ಇದೆ ಎಂದೆ. ಥಿಯೇಟರಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅರಿವಳಿಕೆಯವರು ತಲೆಯೆತ್ತಿ ನೋಡಿದರು. ಸರ್ಜನ್ ರೇಗಲಿಲ್ಲ. ನನ್ನ ಕೈ ಹಿಡಿದು ಕರುಳಿನ ಮೇಲೆ ಇಟ್ಟರು. "ಎಳಿ. ಮೆಲ್ಲಗೆ. ಬರುತ್ತಾ?"

ಬರಲಿಲ್ಲ. ಬಿಗಿದ ದಾರದ ಹಾಗಿತ್ತು. ಎಳೆದು ಹೊಲಿದರೆ ರಕ್ತ ನಿಂತು ಕಪ್ಪಾಗುತ್ತದೆ, ಒಳಕ್ಕೆ ಜಾರುತ್ತದೆ. ಅವರು ಹೇಳಬೇಕಾಗಿಯೇ ಇರಲಿಲ್ಲ, ಬೆರಳಿಗೇ ಗೊತ್ತಾಯಿತು. ಹೊಟ್ಟೆಯ ಗೋಡೆ ಅಲ್ಲಿ ದಪ್ಪ. ಮೇಲೆ ತೆಳು, ಅಲ್ಲಿಗಾದರೆ ಸಲೀಸಾಗಿ ಬರುತ್ತದೆ.

ಎರಡನೇ ಗುರುತು ಎಲ್ಲಿ ಎಂದು ಕೇಳಿದರು.

ಇಲ್ಲ ಎಂದೆ.

ಹಿಂದಿನ ದಿನ ನೋಡಿದ್ದ ಜಾಗವನ್ನು ತೋರಿಸಲು ಹೋದೆ, ಹಸಿರು ಬಟ್ಟೆಯ ನಡುವೆ ಅದು ನನಗೂ ಸಿಗಲಿಲ್ಲ. ಮಲಗಿದ ಹೊಟ್ಟೆಯ ಮೇಲೆ ಕಣ್ಣಂದಾಜಿನಲ್ಲೇ ಒಂದು ಜಾಗ ಆರಿಸಿದರು. ಮಲಗಿದಾಗ ಎಲ್ಲ ಹೊಟ್ಟೆಯೂ ಸಪಾಟೇ.

ನಾಲ್ಕನೆಯ ದಿನ ಕಟಿಂಗ್ ಶಾಪಿನವರನ್ನು ಕುರ್ಚಿಯಲ್ಲಿ ಕೂರಿಸಿದಾಗ ವಾರ್ಡಿಗೆ ಹೋಗಿ ಬಾಗಿಲಿನಿಂದ ನೋಡಿದೆ. ಸ್ಟೋಮಾ ಸರಿಯಾಗಿ ಮಡಿಕೆಯೊಳಗೆ. ಕೂತರೆ ಹೊಟ್ಟೆ ಅದರ ಮೇಲೆ ತುಟಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಚೀಲದ ಅಂಟು ಬಿಡುತ್ತದೆ. ಕೂತರೂ ಸೋರುತ್ತದೆ, ಬಗ್ಗಿದರೂ ಸೋರುತ್ತದೆ. ಎರಡು ಬೆರಳು ಮೇಲೆ, ನಾನು ಗುರುತು ಹಾಕದ ಜಾಗದಲ್ಲಿ ಆಗಿದ್ದರೆ ಕುರ್ಚಿಗೆ ಉಜ್ಜುತ್ತಿತ್ತು, ಅಷ್ಟೆ. ಉಜ್ಜುವುದಕ್ಕೆ ದಪ್ಪನೆ ಬಟ್ಟೆ ಸಾಕಿತ್ತು.

ಅಪರಾಧಿಯನ್ನು ಹುಡುಕಿದೆ. ಎಂಟು ದಿನ ಹುಡುಕಿದ್ದು ಅದನ್ನೇ. ಸರ್ಜನ್? ಅವಸರ ಮಾಡಲಿಲ್ಲ. ಆಸ್ಪತ್ರೆ? ಈ ಸಲ ಇಲ್ಲ. ಕರುಳು ಗಿಡ್ಡ ಇರುವುದಕ್ಕೆ ಯಾರ ಮೇಲೆ ಕರಪತ್ರ ಹಾಕಲಿ.

ಇವತ್ತು ಅಕ್ಕನಿಗೆ ಹೇಳಿದೆ. ಮರೆತೆ ಎನ್ನಬಹುದಿತ್ತು. ಮರೆತಿರಲಿಲ್ಲ ಎಂದೇ ಹೇಳಿದೆ, ಬೇಕೆಂದೇ ಹಾಕಲಿಲ್ಲ ಎಂದೆ. ಯಾಕೆ ಎಂದರು. ಅರ್ಧ, ಕಾಲು, ಎಲ್ಲ ಹೇಳಿದೆ. ಅಕ್ಕ ಕೈಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟರು.

"ಮಲಗಿದೋರು ಮಾತಾಡೋಕಾಗಲ್ಲ. ಗುರುತೇ ಅವರ ಮಾತು. ನೀನು ಅವರಿಗೆ ಒಂದೇ ಮಾತು ಕೊಟ್ಟು ಒಳಗೆ ಕಳಿಸಿದೆ."

ಮತ್ತೆ ಕತ್ತರಿ ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೧೫

ಕಟಿಂಗ್ ಶಾಪಿನವರಿಗೂ ಹೇಳಿದೆ. ಅಕ್ಕ ಜೊತೆಗೆ ಬರುತ್ತೇನೆ ಎಂದರು, ಬೇಡ ಎಂದೆ. ಸರ್ಜನ್ ಆಗಲೇ ಅವರ ಹತ್ತಿರ ಮಾತಾಡಿದ್ದರಂತೆ. ಕೂರಿಸಿ ನೋಡಬೇಕಿತ್ತು ತಾನೂ, ಹಿಂದಿನ ದಿನ ನೋಡಲಿಲ್ಲ, ಆರು ತಿಂಗಳಾದರೂ ಸರಿಹೋಗದಿದ್ದರೆ ಇನ್ನೊಂದು ಆಪರೇಷನ್ ಎಂದಿದ್ದಾರೆ. ನನ್ನ ಹೆಸರು ಎತ್ತಿರಲಿಲ್ಲ.

ನಾನು ಎತ್ತಿದೆ. ಎರಡು ಗುರುತು ಹಾಕಬೇಕಿತ್ತು, ಒಂದೇ ಹಾಕಿದೆ, ಯಾಕೆ ಹಾಕಿದೆ, ಎಲ್ಲ. ಅವರು ಗೋಡೆ ನೋಡುತ್ತ ಕೇಳಿಸಿಕೊಂಡರು. ಮುಗಿಸುವಾಗ ಬಾಯಿಂದ ರೂಢಿಯ ಮಾತು ಜಾರಿತು, ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಎಂದುಬಿಟ್ಟೆ.

"ಹೊಟ್ಟೆಗೆ ಹಾಕ್ಕೊಳ್ಳೋಕೆ ಎಲ್ಲಿ ಜಾಗ ಬಿಟ್ಟಿದೀರಿ?"

ಪಕ್ಕದ ಹಾಸಿಗೆಯವರು ನಗಲು ಹೋಗಿ ನಿಲ್ಲಿಸಿದರು. ಇವರು ನಗಲಿಲ್ಲ.

"ಗಲಾಟೆ ಮಾಡೋರು ಕೆಟ್ಟೋರಲ್ಲ, ಸಿಸ್ಟರೇ. ನನ್ನ ಅಂಗಡೀಲೂ ದಿನಾ ಮಾಡ್ತಾರೆ. ಆದ್ರೆ ನಿಮ್ಮ ಹಟಾನ ನನ್ನ ಮೈಮೇಲೆ ಯಾಕೆ ಮಾಡಿದ್ರಿ? ಇನ್ನು ಮೇಲೆ ನೀವು ಮುಟ್ಟಬೇಡಿ."

ಆಗಲಿ ಎಂದೆ. ಮೆಟ್ಟಿಲಲ್ಲಿ ಕೂತೆ ಸ್ವಲ್ಪ ಹೊತ್ತು. ಅಳಲಿಲ್ಲ. ಅತ್ತರೆ ಅದೂ ನನ್ನ ಬಗ್ಗೆಯೇ ಆಗುತ್ತಿತ್ತು.

ಫೆಬ್ರವರಿ ೨೨, ಬೆಳಿಗ್ಗೆ

ಒಪ್ಪಿಗೆ ಕೊಡಲು ಈ ವಾರ ಕೊನೆ. ಹೆಡ್ ಸಿಸ್ಟರ್ ನಿನ್ನೆ ಮತ್ತೆ ಕರೆದರು. ಎಲ್ಲ ಗೊತ್ತಿದೆ ಅವರಿಗೆ. ಬಾಗಿಲು ಹಾಕಿ, ಚಹಾ ತರಿಸಿ, ಒಳ್ಳೆಯ ಮಾತಿನಲ್ಲೇ ಹೇಳಿದರು: ಸೀಟು ಈಗಲೂ ನಿನ್ನದೇ. ಹಾರ್ಟ್ ಥಿಯೇಟರಿಗೆ ನಿನ್ನ ಕೈ ಬೇಕು. ಎಡವಿದ ಜಾಗಕ್ಕೇ ಹೋಗಿ ಕೂರುವುದು ಪ್ರಾಯಶ್ಚಿತ್ತ, ಅದು ನೌಕರಿಯಲ್ಲ.

ಆ ಮಾತು ಚುಚ್ಚಿತು, ನಿಜ ಇರಬಹುದೆಂಬ ಕಾರಣಕ್ಕೆ. ಇಡೀ ಸಂಜೆ ಅದನ್ನೇ ತಿರುವಿ ಹಾಕಿದೆ. ಜನವರಿಯಲ್ಲಿ ನಾನು ಆ ರೂಮನ್ನು ಬಯಸಿದ್ದು ಯಾಕೆ? ಅಲ್ಲಿ ಅನ್ಯಾಯ ಕಂಡಿತ್ತು, ಅನ್ಯಾಯ ಕಂಡಲ್ಲಿ ನಾನಿರಬೇಕು ಎಂದುಕೊಂಡೆ. ಮುದುಕರ ಬೂಟಿನ ಲೇಸು ಕಂಡದ್ದಕ್ಕಿಂತ ಹೆಚ್ಚಾಗಿ ನನಗೆ ಒಂದು ಬಾವುಟ ಕಂಡಿತ್ತು. ಈಗ ಬಾವುಟ ಇಲ್ಲ. ಒಬ್ಬ ಮನುಷ್ಯ ಇದ್ದಾರೆ, ಕೂತರೆ ಸೋರುತ್ತದೆ, ಅದಕ್ಕೆ ಯಾರೂ ಶತ್ರುವಲ್ಲ. ಶತ್ರು ಇಲ್ಲದಿದ್ದರೆ ಈ ಕೆಲಸ ನನಗೆ ಬೇಕೋ ಬೇಡವೋ? ಪ್ರಶ್ನೆ ಇಷ್ಟೇ.

ಹಾರ್ಟ್ ಥಿಯೇಟರಿಗೆ ಹೋದರೆ ಚೆನ್ನಾಗಿಯೇ ಮಾಡುತ್ತೇನೆ. ಸುಳ್ಳು ವಿನಯ ಬೇಡ. ಅಲ್ಲಿಯೂ ಜೀವ ಉಳಿಯುತ್ತದೆ. ಆದರೆ ಅಲ್ಲಿಯೂ ಮಲಗಿದವರೇ. ನನ್ನ ತಪ್ಪನ್ನು ನನ್ನ ಮುಖಕ್ಕೆ ಹೇಳುವವರು ಅಲ್ಲಿಲ್ಲ. ಇಲ್ಲಿ ಇದ್ದಾರೆ. ಇದು ಹೆದರಿಕೆಯ ಕಾರಣವೂ ಹೌದು, ಹೋಗಬೇಕಾದ ಕಾರಣವೂ ಹೌದು.

ಪ್ರಾಯಶ್ಚಿತ್ತ ಅಲ್ಲ. ಪ್ರಾಯಶ್ಚಿತ್ತಕ್ಕೆ ಕೊನೆ ಇರುತ್ತದೆ. ಆ ರೂಮಿನ ಕೆಲಸಕ್ಕೆ ಇಲ್ಲ. ಅದಕ್ಕೇ ಬೇಕು.

ಹನ್ನೊಂದಕ್ಕೆ ಹೋಗಿ ಸಹಿ ಹಾಕುತ್ತೇನೆ. ಚೀಲದ ರೂಮಿಗೆ.

ಅದೇ ದಿನ, ಸಂಜೆ

ಹಾಕಿದೆ. ಸರ್ಜನ್ ಕಾರಿಡಾರಿನಲ್ಲಿ ಸಿಕ್ಕರು. ನಷ್ಟ ನನಗೆ ಎಂದರು. ಸ್ವಲ್ಪ ಮುಂದೆ ಹೋಗಿ ತಿರುಗಿ, ಇನ್ನು ಮೇಲೆ ಗುರುತಿನ ವಿಷಯಕ್ಕೆ ಹಿಂದಿನ ದಿನವೇ ಫೋನ್ ಮಾಡು, ಥಿಯೇಟರಲ್ಲಿ ಜಗಳ ಬೇಡ ಎಂದರು. ಜಗಳ ಬೇಕಾದರೆ ಹಿಂದಿನ ದಿನವೇ ಮಾಡುತ್ತೇನೆ ಎಂದೆ. ನಕ್ಕರು.

ಅಮ್ಮನಿಗೆ ಹೇಳಿದೆ. ಇಸ್ತ್ರಿ ನಿಲ್ಲಿಸಲಿಲ್ಲ. ಎರಡು ತೋಳು, ಕಾಲರು, ಬೆನ್ನು ಮುಗಿದ ಮೇಲೆ ಕೇಳಿದಳು:

"ವಾಸನೆ ಬರುತ್ತಾ?"

"ಬರುತ್ತೆ."

"ಬಂದ ತಕ್ಷಣ ಸ್ನಾನ ಮಾಡು. ಬಟ್ಟೆ ಬೇರೆ ನೆನೆಹಾಕು, ನನ್ನದರ ಜೊತೆ ಬೇಡ." ಅಂಗಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಬಿಸಿಯಾಗಿತ್ತು. ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ಇಷ್ಟೇ.

ಮಾರ್ಚ್ ೩

ಚೀಲದ ರೂಮಿನಲ್ಲಿ ಮೂರನೆಯ ದಿನ. ಅಕ್ಕ ಹೇಳುತ್ತಾರೆ, ನಾನು ಮಾಡುತ್ತೇನೆ. ಬೆಳಿಗ್ಗೆ ಒಬ್ಬ ಅಜ್ಜಿ, ಚೀಲವನ್ನು ಮೊಮ್ಮಗನ ಹೆಸರಿನಿಂದ ಕರೆಯುತ್ತಾರೆ, ಇವತ್ತು ಬಹಳ ತುಂಟತನ ಮಾಡ್ತಾನೆ ನೋಡು ಎನ್ನುತ್ತಾರೆ. ಒಬ್ಬ ಕಾಲೇಜಿನ ಹುಡುಗಿ, ಕನ್ನಡಿಗೆ ಬೆನ್ನು ಹಾಕಿಯೇ ನಿಲ್ಲುತ್ತಾಳೆ.

ಮಧ್ಯಾಹ್ನ ಕಟಿಂಗ್ ಶಾಪಿನವರು ಬಂದರು. ಅಂಗಿಯ ಎಡಗಡೆ ಟವೆಲ್ಲು ಒತ್ತಿ ಹಿಡಿದಿದ್ದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ಅಕ್ಕ, ನಾನೇ ಮಾಡ್ತೀನಿ ಬನ್ನಿ ಎಂದರು. ನಾನು ಪರದೆಯಾಚೆ ನಿಂತು ಅಕ್ಕನ ಕೈಗೆ ಸಾಮಾನು ಕೊಟ್ಟೆ. ಹತ್ತಿ. ನೀರು. ಪೇಸ್ಟು. ಏನು ಬೇಕೆಂದು ಅಕ್ಕ ಹೇಳುವ ಮೊದಲೇ ಕೊಟ್ಟೆ — ಆ ಅಭ್ಯಾಸ ಒಂದು ಉಳಿದಿದೆ.

ಅಂಗಡಿ ತೆರೆದಿಲ್ಲ. ಮೊನ್ನೆ ಪ್ರಯತ್ನ ಮಾಡಿದರಂತೆ, ಮೊದಲ ಗಿರಾಕಿ ಮೂಗು ಮುಚ್ಚಿಕೊಂಡನಂತೆ. ಪರದೆಯ ಆಚೆಯಿಂದ ಕೇಳಿಸಿಕೊಂಡೆ. ಅಲ್ಲಿಂದ ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ.

ಮಾರ್ಚ್ ೧೭

ಅಕ್ಕನಿಗೆ ಜ್ವರ. ರೂಮಿನಲ್ಲಿ ನಾನೊಬ್ಬಳೇ. ಕಟಿಂಗ್ ಶಾಪಿನವರು ಬಂದರು. ಅಕ್ಕ ಇಲ್ಲ, ನಾಳೆಯೂ ಅನುಮಾನ ಎಂದೆ. ತಿರುಗಿ ಹೋದರು. ಲಿಫ್ಟಿನವರೆಗೆ ಹೋದದ್ದು ಕೇಳಿಸಿತು. ಲಿಫ್ಟು ಬಂತು, ಹೋಯಿತು. ಆಮೇಲೆ ಮತ್ತೆ ಹೆಜ್ಜೆ.

"ಮಾತಾಡದೆ ಮಾಡಿ," ಎಂದರು.

ಮಾತಾಡದೆ ಮಾಡಿದೆ. ನನಗೆ ಇದಕ್ಕಿಂತ ಕಷ್ಟದ ಕೆಲಸ ಯಾರೂ ಕೊಟ್ಟಿಲ್ಲ. ಮಂಚ ತೋರಿಸಲಿಲ್ಲ, ಕುರ್ಚಿ ತೋರಿಸಿದೆ. ಎರಡು ವಾರದಿಂದ ಪರದೆಯ ಹಿಂದೆ ನಿಂತು ಇದನ್ನೇ ಯೋಚಿಸಿದ್ದೆ: ಮಲಗಿಸಿ ಅಂಟಿಸಿದ್ದು ಕೂತಾಗ ಬಿಡುತ್ತದೆ, ಕೂರಿಸಿಯೇ ಅಂಟಿಸಿದರೆ? ಅಕ್ಕನ ಹತ್ತಿರ ಕೇಳಿದ್ದೆ, ಬೆನ್ನು ನೋವು ಬರುತ್ತೆ, ಮಾಡಿ ನೋಡು ಎಂದಿದ್ದರು. ನೆಲದ ಮೇಲೆ ಮಂಡಿಯೂರಿದೆ. ಮಡಿಕೆಯನ್ನು ಬೆರಳಿಂದ ಬಿಡಿಸಿ, ಆ ಕಾಲುವೆಯೊಳಗೆ ಪೇಸ್ಟಿನ ಬತ್ತಿ ಇಟ್ಟು, ಒಣಗಿಸಿ, ಅದರ ಮೇಲೆ ಚೀಲ ಕೂರುವ ಗಟ್ಟಿ ಬಿಲ್ಲೆ, ಮೇಲೆ ಬೆಲ್ಟು. ಬಗ್ಗಿ ಎಂದು ಕೈಸನ್ನೆ ಮಾಡಿದೆ. ಬಗ್ಗಿದರು. ಒಂದು ಮೂಲೆ ಎದ್ದಿತು. ಎಲ್ಲ ಕಿತ್ತು ಮತ್ತೆ ಮೊದಲಿನಿಂದ.

ಅವರ ಉಸಿರು ನನ್ನ ತಲೆಯ ಮೇಲೆ ಬೀಳುತ್ತಿತ್ತು. ಏನೋ ಹೇಳಲು ಎರಡು ಸಲ ಬಾಯಿ ತೆರೆದ ಹಾಗಿತ್ತು. ಮಾತಾಡಬೇಡಿ ಎಂದಿದ್ದು ನನಗೆ, ಆದರೆ ಶಿಕ್ಷೆ ಇಬ್ಬರಿಗೂ ಆಗಿತ್ತು.

ಎರಡನೆಯ ಸಲ ಬಗ್ಗಿದಾಗ ಮೂಲೆ ಏಳಲಿಲ್ಲ. ಅಂಗಿ ಹಾಕಿಕೊಂಡು ಹೋದರು.

ಮಾರ್ಚ್ ೨೩

ಕಟಿಂಗ್ ಶಾಪಿನವರು ಮೊನ್ನೆಯೂ ಬಂದರು, ಇವತ್ತೂ ಬಂದರು. ಅಕ್ಕ ಗುಣವಾಗಿ ಬಂದಿದ್ದಾರೆ. ಅಕ್ಕನೇ ಮಾಡಬೇಕು ಎಂದು ಇವರು ಹೇಳಲಿಲ್ಲ, ನಾನೇ ಮಾಡಲಿ ಎಂದೂ ಹೇಳಲಿಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂತರು. ಅಕ್ಕ ಸಿಂಕಿನ ಹತ್ತಿರ ಏನೋ ತೊಳೆಯುವ ನೆಪದಲ್ಲಿ ತಿರುಗಿ ನಿಂತರು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.

ಬಿಲ್ಲೆ ಅರ್ಧ ದಿನ ನಿಂತಿತ್ತಂತೆ. ಗೋಡೆಗೆ ಹೇಳುವ ಹಾಗೆ ಹೇಳಿದರು. ಅರ್ಧ ದಿನ ಸಾಲದು. ಗೊತ್ತು.

ಮಾರ್ಚ್ ೩೧

ಅಕ್ಕನ ಕೊನೆಯ ದಿನ. ಭಾಷಣ ಬೇಡ ಎಂದಿದ್ದರು. ನಾನು ಒಂದು ಬರೆದುಕೊಂಡು ಹೋಗಿದ್ದೆ, ಅವರೇ ಕಸಿದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಮನೇಲಿ ಕೂತು ಓದ್ತೀನಿ, ಇಲ್ಲಿ ಓದಿದ್ರೆ ಇಬ್ಬರೂ ಕೆಲಸ ಕೆಡಿಸ್ಕೊಳ್ತೀವಿ.

ನಾಳೆಯಿಂದ ನಾನೊಬ್ಬಳೇ ಎಂದು ಬಂದವರಿಗೆಲ್ಲ ಹೇಳಿದರು. ನಂಬಿಕೆ ಇಲ್ಲದವರಿಗೆ ಇರಲಿ ಎಂದು ಊರಿನ ಆ ತುದಿಯಲ್ಲಿರುವ ಆಸ್ಪತ್ರೆಯ ವಿಳಾಸವನ್ನೂ ಕೊಟ್ಟರು, ಅಲ್ಲಿಯೂ ಇಂಥ ರೂಮಿದೆ. ನನ್ನ ಎದುರಿಗೇ ಕೊಟ್ಟರು. ಕಟಿಂಗ್ ಶಾಪಿನವರೂ ತೆಗೆದುಕೊಂಡರು. ಎರಡು ಸಲ ಓದಿ, ಮಡಿಸಿ, ಎದೆಯ ಜೇಬಿನಲ್ಲಿಟ್ಟರು.

ಸರಿಯೇ. ಅದು ಅವರ ಹಕ್ಕು. ಹಕ್ಕಿನ ಬಗ್ಗೆ ಇಷ್ಟು ಓದಿದ್ದೇನೆ, ಎದುರಿಗೆ ನಿಂತು ಅದನ್ನು ನೋಡುವುದು ಇಷ್ಟು ಕಷ್ಟ ಎಂದು ಎಲ್ಲೂ ಬರೆದಿರಲಿಲ್ಲ.

ಏಪ್ರಿಲ್ ೧, ಸಂಜೆ

ಬೆಳಿಗ್ಗೆ ಇಬ್ಬರು. ಕಾಲೇಜಿನ ಹುಡುಗಿ ಇವತ್ತು ಕನ್ನಡಿಗೆ ಅರ್ಧ ತಿರುಗಿದಳು. ನಾಳೆಯ ಆಪರೇಷನ್ನಿನವರೊಬ್ಬರಿಗೆ ಗುರುತು ಹಾಕಿ ಸರ್ಜನ್ನಿಗೆ ಫೋನ್ ಮಾಡಿದೆ. ಜಗಳ ಆಗಲಿಲ್ಲ.

ಮಧ್ಯಾಹ್ನ ಯಾರೂ ಇಲ್ಲ. ಕುರ್ಚಿ ಖಾಲಿ. ಕಟಿಂಗ್ ಶಾಪಿನವರು ಬಸ್ಸು ಹಿಡಿದು ಆ ಕಡೆಯ ಆಸ್ಪತ್ರೆಗೆ ಹೋಗಿರುತ್ತಾರೆ ಎಂದುಕೊಂಡೆ. ಮೂರು ಗಂಟೆಯ ಸುಮಾರಿಗೆ ಬಾಗಿಲು ದಡಬಡ. ಈ ರೂಮಿನ ಬಾಗಿಲನ್ನು ಯಾರೂ ಹಾಗೆ ಬಡಿಯುವುದಿಲ್ಲ.

ಅವರೇ. ಬಿಳಿ ಮೇಲಂಗಿ, ತೋಳಿನ ತುಂಬ ಯಾರದೋ ಕೂದಲು, ಎಡಗಡೆ ಒದ್ದೆ. ಏದುಸಿರು. ಬೆಳಿಗ್ಗೆ ಅಂಗಡಿ ತೆರೆದರಂತೆ. ಮಧ್ಯಾಹ್ನದವರೆಗೆ ನಿಂತಿತಂತೆ ಬಿಲ್ಲೆ, ಬಗ್ಗಿದರೂ ನಿಂತಿತಂತೆ, ಆಮೇಲೆ ಬಿಟ್ಟಿತು. ಹೇಳಬೇಕಾದದ್ದನ್ನು ಹೇಳಿದೆ: ಆ ಆಸ್ಪತ್ರೆಗೆ ಹೋಗುವುದಾದರೆ ಇಲ್ಲಿಂದ ಫೋನ್ ಮಾಡಿ ಹೇಳುತ್ತೇನೆ, ಅವರೂ ಚೆನ್ನಾಗಿ ಮಾಡುತ್ತಾರೆ.

"ಅಷ್ಟು ದೂರ ಯಾರು ಹೋಗ್ತಾರೆ? ಗಿರಾಕಿ ಅರ್ಧ ಮೀಸೆ ಇಟ್ಕೊಂಡು ಕೂತಿದಾನೆ. ಬೇಗ ಮಾಡಿ."

ಕೂತರು. ಮಂಡಿಯೂರಿದೆ. ಬಿಟ್ಟಿದ್ದು ಕೆಳಗಿನ ಅಂಚು, ಬೆವರಿಗೆ. ಮಡಿಕೆಗಲ್ಲ. ಮಡಿಕೆಯ ಕಡೆ ಗಟ್ಟಿಯಾಗಿಯೇ ಇತ್ತು. ಅದನ್ನು ಅವರಿಗೂ ತೋರಿಸಿದೆ, ಬಗ್ಗಿ ನೋಡಿದರು. ನಾನು ಮಾಡುತ್ತಿರುವಾಗ ಅವರು ಆ ಗಿರಾಕಿಯ ಕಥೆ ಶುರು ಮಾಡಿದರು. ಮದುವೆಗೆ ಹೆಣ್ಣು ನೋಡಲು ಹೊರಟವನಂತೆ, ಮೀಸೆ ಇಡಲೋ ಬೋಳಿಸಲೋ ಎಂದು ಮೂರು ದಿನದಿಂದ ಬಂದು ಹೋಗುತ್ತಿದ್ದನಂತೆ, ಇವತ್ತು ಧೈರ್ಯ ಮಾಡಿದ್ದ. ನಾನು ನಗಬಹುದೋ ಬಾರದೋ ಗೊತ್ತಾಗದೆ ಪೇಸ್ಟನ್ನೇ ನೋಡಿದೆ. ಆಮೇಲೆ ನಕ್ಕೆ.

ಎದ್ದರು. ಬಗ್ಗಿದರು, ಕೂತರು, ಮತ್ತೆ ಎದ್ದರು. ಬಾಗಿಲ ಹತ್ತಿರ ನಿಂತು, ಬೆಳಿಗ್ಗೆ ಎಷ್ಟು ಹೊತ್ತಿಗೆ ತೆರೀತೀರಿ ಎಂದು ಕೇಳಿದರು. ಎಂಟಕ್ಕೆ ಎಂದೆ. ಎಂಟಕ್ಕೆ ನನ್ನ ಅಂಗಡಿಯೂ ತೆರೀಬೇಕಲ್ಲ, ಬೆಳಿಗ್ಗೆ ಹೊಸದು ಹಾಕಿದ್ರೆ ಸಂಜೆವರೆಗೆ ನಿಲ್ಲಬಹುದು ಎಂದರು. ಕೇಳಿದ ಹಾಗೂ ಅಲ್ಲ, ಕೇಳದ ಹಾಗೂ ಅಲ್ಲ.

ಏಳಕ್ಕೆ ಬರ್ತೀನಿ ಎಂದೆ.

ಕ್ಷಮಿಸಿದ್ದಾರೆ ಎಂದು ಬರೆದುಕೊಳ್ಳುವುದಿಲ್ಲ. ಹಾಗೇನೂ ಅವರು ಹೇಳಿಲ್ಲ. ಬೆವರಿಗೆ ಬಿಡದ ಹಾಗೆ ಕೆಳಗಿನ ಅಂಚಿಗೆ ಏನು ಮಾಡಬಹುದು... ತೆಳ್ಳನೆ ಟೇಪು? ಪುಡಿ ಹಾಕಿ ಒಣಗಿಸಿ ಆಮೇಲೆ ಪೇಸ್ಟು? ಅಕ್ಕನಿಗೆ ಫೋನ್ ಮಾಡಿ ಕೇಳಬೇಕು. ಏಳಕ್ಕೆ ಅಂದರೆ ಮೊದಲ ಬಸ್ಸು. ಅಮ್ಮನಿಗೆ ಹೇಳಬೇಕು, ಯೂನಿಫಾರ್ಮು ಈಗಲೇ. ಅಲಾರಂ ಐದಕ್ಕೆ, ಇಲ್ಲ, ಐದಕ್ಕಿಂತ ಮುಂಚೆ...